ದೊಡ್ಡ ಎಸ್‌ಯುವಿ ಕೊಳ್ಳುವ ಮುನ್ನ: ಮೈಸೂರು, ಮಂಡ್ಯದ ಮನೆಗಳಿಗೊಂದು ಲೆಕ್ಕ

ಮೂವತ್ತು, ನಲವತ್ತು ಲಕ್ಷದ ಏಳು ಸೀಟಿನ ಗಾಡಿ ಈಗ ಬೆಂಗಳೂರಿನವರಿಗಷ್ಟೇ ಅಂತ ಉಳಿದಿಲ್ಲ. ಕೆಎ-09, ಕೆಎ-55 ನಂಬರಿನವು ಬಿಡಿ, ಮಂಡ್ಯದ ಕೆಎ-11 ಫಾರ್ಚುನರ್‌ಗಳೂ ಎಕ್ಸ್‌ಪ್ರೆಸ್‌ವೇಯಲ್ಲಿ ಬೇಕಾದಷ್ಟು ಸಿಗುತ್ತವೆ. ಕೊಂಡವರಲ್ಲಿ ಕೆಲವರು ನಿಜಕ್ಕೂ ಸುಖವಾಗಿದ್ದಾರೆ. ಇನ್ನು ಕೆಲವರ ಗಾಡಿ ವಾರವೆಲ್ಲ ಪೋರ್ಟಿಕೋದಲ್ಲೇ ನಿಂತಿರುತ್ತದೆ, ಕಂತು ಮಾತ್ರ ತಪ್ಪದೆ ಓಡುತ್ತದೆ. ಇಬ್ಬರೂ ಕೊಂಡದ್ದು ಒಂದೇ ಗಾಡಿ. ಹಿಂದಿನ ಸಾಲಿನಲ್ಲಿ ಯಾರು ಕೂರುತ್ತಾರೆ, ಗಾಡಿ ದಿನಕ್ಕೆ ಎಷ್ಟು ದೂರ ಹೋಗುತ್ತದೆ ಅನ್ನೋದನ್ನು ಒಬ್ಬರು ಮೊದಲೇ ನೋಡಿಕೊಂಡರು, ಇನ್ನೊಬ್ಬರು ನೋಡಿಕೊಳ್ಳಲಿಲ್ಲ.

ಇಲ್ಲಿ ಹೇಳುತ್ತಿರುವುದು ಟೊಯೋಟಾ ಫಾರ್ಚುನರ್, ಟಾಟಾ ಸಫಾರಿ, ಮಹೀಂದ್ರಾ ಎಕ್ಸ್‌ಯುವಿ 700, ಜೀಪ್ ಮೆರಿಡಿಯನ್, ಸ್ಕೋಡಾ ಕೊಡಿಯಾಕ್ ಥರದ ಗಾಡಿಗಳ ಬಗ್ಗೆ. ಶೋರೂಮಿಗೆ ಕಾಲಿಡುವ ಮೊದಲೇ ಮನೆಯಲ್ಲಿ ಕೂತು ಮಾಡಬಹುದಾದ ಕೆಲಸಗಳಿಂದ ಶುರು ಮಾಡೋಣ.

ಮೊದಲು ತಲೆ ಎಣಿಸಿ

ಮನೆಯಲ್ಲಿ ಎಷ್ಟು ಜನ ಇದ್ದಾರೆ ಅನ್ನೋದು ಬೇರೆ, ಒಟ್ಟಿಗೆ ಗಾಡಿ ಹತ್ತುವವರು ಎಷ್ಟು ಅನ್ನೋದು ಬೇರೆ. ಎರಡು ತಿಂಗಳು ಒಂದು ಪುಸ್ತಕದಲ್ಲಿ ಬರೆದಿಡಿ: ಎಲ್ಲಿಗೆ ಹೋದಿರಿ, ಎಷ್ಟು ಜನ, ಎಷ್ಟು ಲಗೇಜು. ಐದಕ್ಕಿಂತ ಜಾಸ್ತಿ ಜನ ಇದ್ದ ಓಡಾಟ ತಿಂಗಳಿಗೆ ಮೂರು, ನಾಲ್ಕು ಸಲ ಬಂದರೆ ಏಳು ಸೀಟಿಗೆ ಅರ್ಥವಿದೆ. ವರ್ಷಕ್ಕೆ ಒಂದು ಮದುವೆ, ಒಂದು ಮೇಲುಕೋಟೆ, ಒಂದು ಊರಹಬ್ಬ ಅಷ್ಟೇ ಆದರೆ ಇಲ್ಲ.

ಮೂರನೇ ಸಾಲು ಕೇಳೋಕೆ ಚೆನ್ನಾಗಿರುತ್ತದೆ. ಕೂತರೆ ಮಂಡಿ ಎದೆಗೆ ಬರುತ್ತದೆ. ಈ ಎಸ್‌ಯುವಿಗಳಲ್ಲಿ ನೆಲ ಎತ್ತರ, ಹಿಂದಿನ ಸೀಟು ಗಿಡ್ಡ. ಮಕ್ಕಳಿಗೆ ಸರಿ, ದೊಡ್ಡವರಿಗೆ ಮಂಡ್ಯದಿಂದ ಮೈಸೂರಿನವರೆಗೆ ಪರವಾಗಿಲ್ಲ. ಧರ್ಮಸ್ಥಳದವರೆಗೆ ಕೂತು ನೋಡಿ, ಆಮೇಲೆ ಯಾರೂ ಆ ಜಾಗಕ್ಕೆ ಮುಂದೆ ಬರೋದಿಲ್ಲ. ಅದೂ ಅಲ್ಲದೆ ಮೂರನೇ ಸಾಲು ಎತ್ತಿದ ಮೇಲೆ ಡಿಕ್ಕಿಯಲ್ಲಿ ಉಳಿಯುವ ಜಾಗಕ್ಕೆ ಎರಡು ಬ್ಯಾಗು ಹಿಡಿದರೆ ಹೆಚ್ಚು. ಏಳು ಜನ ಮತ್ತು ಏಳು ಜನರ ಲಗೇಜು ಎರಡೂ ಒಂದೇ ಗಾಡಿಯಲ್ಲಿ ಹೋಗಬೇಕಾದರೆ ಮೇಲೆ ಕ್ಯಾರಿಯರ್ ಹಾಕಿಸಬೇಕು.

ಅಮ್ಮನನ್ನೋ ಅತ್ತೆಯನ್ನೋ ಶೋರೂಮಿಗೆ ಕರೆದುಕೊಂಡು ಹೋಗಿ. ಇದನ್ನು ಎಷ್ಟೋ ಜನ ಮಾಡೋದೇ ಇಲ್ಲ. ಮಂಡಿನೋವು ಇರುವವರು ಸೀರೆ ಉಟ್ಟುಕೊಂಡು ಫಾರ್ಚುನರ್ ಹತ್ತಬೇಕಾದರೆ ಮೆಟ್ಟಿಲು, ಹಿಡಿ ಎರಡೂ ಬೇಕು. ಹತ್ತೋದು ಹೇಗೋ ಆಗುತ್ತದೆ, ಇಳಿಯೋದು ಕಷ್ಟ. ಈ ಒಂದು ಕಾರಣಕ್ಕೇ ದೊಡ್ಡ ಕುಟುಂಬದ ಎಷ್ಟೋ ಜನ ಕೊನೆಗೆ ಇನ್ನೋವಾ ಹೈಕ್ರಾಸ್ ಕಡೆ ಹೋಗುತ್ತಾರೆ. ನನ್ನ ಮಟ್ಟಿಗೆ ಅದರಲ್ಲಿ ತಪ್ಪೇನೂ ಇಲ್ಲ. ಏಳು ಜನರನ್ನು ಕೂರಿಸಿಕೊಂಡು ಹೋಗೋದೇ ಮುಖ್ಯ ಕೆಲಸ ಅಂದರೆ, ಎದುರಿಂದ ನೋಡೋಕೆ ಗತ್ತು ಸ್ವಲ್ಪ ಕಡಿಮೆ ಇದ್ದರೂ ಅದೇ ಒಳ್ಳೆಯ ಗಾಡಿ.

ಟೇಪು ತಗೊಂಡು ಗೇಟು ಅಳೆಯಿರಿ

ಫಾರ್ಚುನರ್ ಉದ್ದ 4,795 ಮಿ.ಮೀ., ಅಂದರೆ ಹದಿನೈದೂಮುಕ್ಕಾಲು ಅಡಿ. ಸಫಾರಿ ಅಗಲ 1,922 ಮಿ.ಮೀ., ಕನ್ನಡಿ ಬಿಟ್ಟು ಆರು ಅಡಿ ಮೂರುಮುಕ್ಕಾಲು ಅಂಗುಲ. ಇದಕ್ಕೆ ಬಾಗಿಲು ತೆಗೆದು ಇಳಿಯೋಕೆ ಒಂದು ಪಕ್ಕಕ್ಕಾದರೂ ಎರಡೂವರೆ ಅಡಿ ಸೇರಿಸಿ. ಮೂವತ್ತು ನಲವತ್ತರ ಸೈಟಿನಲ್ಲಿ ಮೆಟ್ಟಿಲು, ಸಂಪು, ಸ್ಕೂಟರು ಎಲ್ಲ ಕಳೆದು ಪೋರ್ಟಿಕೋದಲ್ಲಿ ಉಳಿಯೋದು ಎಷ್ಟು ಅಂತ ಅಳೆದು ಬರೆದುಕೊಳ್ಳಿ. ಗೇಟಿನ ಮುಂದಿನ ರಸ್ತೆಯ ಅಗಲವೂ ಬೇಕು. ಒಂದೇ ಸಲಕ್ಕೆ ತಿರುಗಿ ಒಳಗೆ ಹೋಗದಿದ್ದರೆ ದಿನಾ ಬೆಳಗ್ಗೆ, ಸಂಜೆ ಅದೇ ಸರ್ಕಸ್ಸು.

ವಿಜಯನಗರ, ಕುವೆಂಪುನಗರದ ಕಡೆ ಇದು ದೊಡ್ಡ ತೊಂದರೆಯಲ್ಲ. ಅಗ್ರಹಾರ, ಲಷ್ಕರ್ ಮೊಹಲ್ಲಾದ ಹಳೇ ಬೀದಿಗಳಲ್ಲಿ, ಹಳ್ಳಿಯ ಜಗಲಿ ಚಾಚಿದ ಓಣಿಗಳಲ್ಲಿ ತೊಂದರೆಯೇ. ದೇವರಾಜ ಅರಸು ರಸ್ತೆಯಲ್ಲಿ ಸಂಜೆ ಹೊತ್ತು ಚಿಕ್ಕ ಕಾರಿಗೇ ಜಾಗ ಸಿಗೋದಿಲ್ಲ. ಹಾಗಾಗಿ ಮನೆಯಲ್ಲಿರುವ ಹಳೇ ಚಿಕ್ಕ ಕಾರನ್ನು ಎಕ್ಸ್‌ಚೇಂಜ್‌ಗೆ ಕೊಡುವ ಮೊದಲು ಯೋಚಿಸಿ. ಮಾರ್ಕೆಟ್ಟಿಗೆ, ಬ್ಯಾಂಕಿಗೆ ಹೋಗಿಬರೋಕೆ ಅದೇ ಬೇಕಾಗುತ್ತದೆ.

ದಿನಾ ಎಷ್ಟು ದೂರ? ಇದರ ಮೇಲೆ ಇಂಜಿನ್

ಮೈಸೂರಿನವರು ಹೆಚ್ಚು ಗಮನ ಕೊಡಬೇಕಾದ ಜಾಗ ಇದು. ನಮ್ಮ ಊರು ಚಿಕ್ಕದು. ಮನೆಯಿಂದ ಶಾಲೆ ಮೂರು ಕಿಲೋಮೀಟರ್, ಶಾಲೆಯಿಂದ ಆಫೀಸು ಐದು. ಇಂಜಿನ್ ಸರಿಯಾಗಿ ಬಿಸಿಯಾಗುವಷ್ಟರಲ್ಲಿ ಆಫ್ ಮಾಡಿರುತ್ತೀರಿ. ಇಂಥ ಓಡಾಟಕ್ಕೆ ದೊಡ್ಡ ಡೀಸೆಲ್ ಗಾಡಿ ಒಗ್ಗೋದಿಲ್ಲ.

ಕಾರಣ ಇಷ್ಟೇ. 2020ರ ಏಪ್ರಿಲ್ 1ರಿಂದ ಹೊಗೆಯ ಮಾಲಿನ್ಯಕ್ಕೆ ಮಿತಿ ಹಾಕುವ ಬಿಎಸ್-6 ನಿಯಮ ಬಂತು. ಅದರ ಜೊತೆಗೆ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಡಿಪಿಎಫ್ ಅನ್ನೋ ಫಿಲ್ಟರ್ ಬಂತು. ಹೊಗೆಯ ಮಸಿ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಅದು ತುಂಬುತ್ತಾ ಬಂದಾಗ ಇಂಜಿನ್ ಸ್ವಲ್ಪ ಜಾಸ್ತಿ ಡೀಸೆಲ್ ಬಿಟ್ಟು, ಫಿಲ್ಟರನ್ನು ಕಾಯಿಸಿ, ಮಸಿಯನ್ನು ಸುಟ್ಟುಹಾಕುತ್ತದೆ. ಈ ಕೆಲಸಕ್ಕೆ ಗಾಡಿ ಸುಮಾರು 60 ಕಿಲೋಮೀಟರ್ ವೇಗದ ಮೇಲೆ ಹದಿನೈದು, ಇಪ್ಪತ್ತು ನಿಮಿಷ ನಿಲ್ಲದೆ ಓಡಬೇಕು. ಸರಸ್ವತಿಪುರಂನಿಂದ ಅರಮನೆಯವರೆಗೆ ಹೋಗಿಬಂದರೆ ಅದು ಆಗೋದಿಲ್ಲ. ಅರ್ಧಕ್ಕೆ ನಿಂತು ನಿಂತು ಮಸಿ ಕಟ್ಟಿಕೊಳ್ಳುತ್ತದೆ, ಉರಿಯದ ಡೀಸೆಲ್ ಇಂಜಿನ್ ಆಯಿಲಿಗೆ ಸೇರುತ್ತದೆ, ಒಂದು ದಿನ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ. ಆಗ ಸರ್ವಿಸ್ ಸೆಂಟರಿಗೇ ಹೋಗಬೇಕು. ಫಿಲ್ಟರ್ ಬದಲಿಸುವ ಪರಿಸ್ಥಿತಿ ಬಂದರೆ ಬಿಲ್ಲು ಲಕ್ಷದ ಮಾತು.

ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಿಬರುವವರಿಗೆ ಈ ತಲೆನೋವು ಇಲ್ಲ. ಎಕ್ಸ್‌ಪ್ರೆಸ್‌ವೇ ಹತ್ತಿದರೆ ಫಿಲ್ಟರ್ ತಾನೇ ಶುದ್ಧವಾಗುತ್ತದೆ. ಮಂಡ್ಯ, ಮದ್ದೂರಿನಿಂದ ದಿನಾ ಮೈಸೂರಿಗೆ ಬರುವವರಿಗೂ ಡೀಸೆಲ್ ಸರಿ. ಹೈವೇ ಓಡಾಟವೇ ಇಲ್ಲದವರು ಡೀಸೆಲ್ ಗಾಡಿ ಇಟ್ಟುಕೊಂಡಿದ್ದರೆ ಎರಡು ವಾರಕ್ಕೊಮ್ಮೆ ನಂಜನಗೂಡು ದಾಟಿ ಒಂದು ಸುತ್ತು ಹೋಗಿಬರಲಿ. ನಂಜುಂಡೇಶ್ವರನ ದರ್ಶನವೂ ಆಗುತ್ತದೆ.

ಊರೊಳಗೇ ಓಡಾಟ ಅಂದರೆ ಹೈಬ್ರಿಡ್, ಅಂದರೆ ಪೆಟ್ರೋಲ್ ಇಂಜಿನ್ ಜೊತೆ ಬ್ಯಾಟರಿ ಮೋಟಾರೂ ಇರುವ ಗಾಡಿ ನೋಡಿ. ನಿಂತು ಚಲಿಸುವ ಟ್ರಾಫಿಕ್ಕಿನಲ್ಲೇ ಅದು ಜಾಸ್ತಿ ಉಳಿಸುತ್ತದೆ. ಟರ್ಬೊ ಪೆಟ್ರೋಲ್ ಓಡಿಸೋಕೆ ಮಜಾ. ಆದರೆ ದೊಡ್ಡ ಗಾಡಿಯಲ್ಲಿ ಊರೊಳಗೆ ಲೀಟರಿಗೆ ಎಂಟು, ಒಂಬತ್ತು ಕಿಲೋಮೀಟರ್ ಬಂದರೆ ಬೇಜಾರು ಮಾಡಿಕೊಳ್ಳಬೇಡಿ. ಇನ್ನೊಂದು ವಿಷಯ: ಎಕ್ಸ್‌ಯುವಿ 700 ಡೀಸೆಲ್‌ನಂಥವಕ್ಕೆ ಆಡ್‌ಬ್ಲೂ ಅನ್ನೋ, ಹೊಗೆಯ ವಿಷ ಕಡಿಮೆ ಮಾಡುವ ದ್ರವವನ್ನೂ ಬೇರೆ ತೊಟ್ಟಿಗೆ ತುಂಬಿಸುತ್ತಿರಬೇಕು. ಅದು ಪೂರ್ತಿ ಖಾಲಿಯಾದ ಮೇಲೆ ಗಾಡಿ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗೋದಿಲ್ಲ. ಎಚ್ಚರಿಕೆ ಬಂದ ತಕ್ಷಣ ತುಂಬಿಸಿ.

ಈಗ ದುಡ್ಡು

ಎಕ್ಸ್‌ಶೋರೂಂ ಬೆಲೆ 35 ಲಕ್ಷ ಅಂತ ಇಟ್ಟುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಇಂಥ ದೊಡ್ಡ ಪೆಟ್ರೋಲ್, ಡೀಸೆಲ್ ಗಾಡಿಗಳಿಗೆ ಜಿಎಸ್‌ಟಿ 40 ಶೇಕಡಾ. ಅದಕ್ಕೂ ಮುಂಚೆ ಸೆಸ್ ಸೇರಿ 50 ಇತ್ತು. ಅಂದರೆ ಆ 35 ಲಕ್ಷದಲ್ಲಿ ಗಾಡಿಯದ್ದು 25, ತೆರಿಗೆ 10. ಅದರ ಮೇಲೆ ಕರ್ನಾಟಕದ ಲೈಫ್ ಟ್ಯಾಕ್ಸ್. 20 ಲಕ್ಷ ದಾಟಿದ ಗಾಡಿಗೆ 18 ಶೇಕಡಾ, ಸೆಸ್ ಸೇರಿಸಿದರೆ 20ರ ಹತ್ತಿರ. ಇನ್ನೊಂದು 7 ಲಕ್ಷ ಹೋಯಿತು. ಇಪ್ಪತ್ತೈದು ಲಕ್ಷದ ಗಾಡಿಗೆ ಹದಿನೇಳು ಲಕ್ಷ ತೆರಿಗೆ! ಇನ್ಶೂರೆನ್ಸ್, ಚಿಲ್ಲರೆ ಖರ್ಚು ಎಲ್ಲ ಸೇರಿ ರಸ್ತೆಗೆ ಇಳಿಯುವಾಗ ನಲವತ್ತನಾಲ್ಕು ಲಕ್ಷದ ಸುತ್ತ ಆಗುತ್ತದೆ.

ಬಿಲ್ಲಿನಲ್ಲಿ ಟಿಸಿಎಸ್ ಅಂತ 1 ಶೇಕಡಾ ಇರುತ್ತದೆ, ಅಂದರೆ ಮಾರುವವರು ನಿಮ್ಮ ಹೆಸರಲ್ಲಿ ಮುಂಚೆಯೇ ಹಿಡಿದುಕೊಳ್ಳುವ ಆದಾಯ ತೆರಿಗೆ. ಹತ್ತು ಲಕ್ಷ ದಾಟಿದ ಕಾರಿಗೆಲ್ಲ ಇದು ಇದೆ. ಈ 35 ಸಾವಿರ ನಿಮ್ಮ ದುಡ್ಡೇ. ಆದಾಯ ತೆರಿಗೆ ರಿಟರ್ನ್ಸ್ ಹಾಕುವಾಗ ತೋರಿಸಿದರೆ ತೆರಿಗೆಗೆ ಹೊಂದಿಕೆಯಾಗುತ್ತದೆ, ಇಲ್ಲವೇ ವಾಪಸ್ ಬರುತ್ತದೆ. ಎಷ್ಟೋ ಜನ ಕೇಳೋದೇ ಇಲ್ಲ.

ತೆರಿಗೆ ಉಳಿಸೋಕೆ ಪುದುಚೇರಿಯಲ್ಲಿ ರಿಜಿಸ್ಟರ್ ಮಾಡಿಸಿಕೊಡ್ತೀವಿ ಅಂತ ಹೇಳುವವರು ಸಿಗುತ್ತಾರೆ. ಹತ್ತಿರ ಸೇರಿಸಬೇಡಿ. ವಾಸ ಇಲ್ಲಿ, ಓಡಾಟ ಇಲ್ಲಿ ಅಂದಮೇಲೆ ಆರ್‌ಟಿಒ ಕೈಗೆ ಸಿಕ್ಕ ದಿನ ತೆರಿಗೆಯ ಜೊತೆ ದಂಡವನ್ನೂ ಕಟ್ಟಬೇಕಾಗುತ್ತದೆ.

ಹದಿನಾಲ್ಕು ಲಕ್ಷ ಕೈಯಿಂದ ಹಾಕಿ ಮೂವತ್ತು ಲಕ್ಷ ಸಾಲ ಮಾಡಿದಿರಿ ಅನ್ನಿ. ಬಡ್ಡಿ 9 ಶೇಕಡಾ ಇದ್ದರೆ ಏಳು ವರ್ಷಕ್ಕೆ ತಿಂಗಳ ಕಂತು ಸುಮಾರು 48,300 ರೂಪಾಯಿ, ಒಟ್ಟು ಬಡ್ಡಿ ಹತ್ತೂವರೆ ಲಕ್ಷ. ಐದು ವರ್ಷಕ್ಕೆ ಮಾಡಿದರೆ ಕಂತು 62,300, ಬಡ್ಡಿ ಏಳು ಲಕ್ಷದ ಮೂವತ್ತೇಳು ಸಾವಿರ. ಐದು ವರ್ಷದ ಕಂತು ಕಟ್ಟೋಕೆ ಆಗದಿದ್ದರೆ ಆ ಗಾಡಿ ನಮ್ಮ ಕೈಗೆ ಎಟುಕುವುದಲ್ಲ ಅಂತಲೇ ನಾನು ಹೇಳುತ್ತೇನೆ. ಏಳು ವರ್ಷದ ಸಾಲದಲ್ಲಿ ಗಾಡಿಯ ಬೆಲೆ ಬೇಗ ಇಳಿಯುತ್ತದೆ, ಸಾಲ ನಿಧಾನಕ್ಕೆ ಇಳಿಯುತ್ತದೆ. ಇನ್ಶೂರೆನ್ಸ್‌ನವರ ಲೆಕ್ಕದಲ್ಲೇ ಗಾಡಿಯ ಬೆಲೆ ಮೂರನೇ ವರ್ಷದಲ್ಲಿ 30 ಶೇಕಡಾ, ಐದನೇ ವರ್ಷದಲ್ಲಿ 50 ಶೇಕಡಾ ಇಳಿಯುತ್ತದೆ. ಮಾರುಕಟ್ಟೆಯಲ್ಲಿ ಫಾರ್ಚುನರ್, ಇನ್ನೋವಾ ಇದಕ್ಕಿಂತ ಚೆನ್ನಾಗಿ ನಿಲ್ಲುತ್ತವೆ. ಯುರೋಪಿನ ಬ್ರ್ಯಾಂಡುಗಳು ಅಷ್ಟು ನಿಲ್ಲೋದಿಲ್ಲ.

ಇದರ ಮೇಲೆ ಡೀಸೆಲ್. ತಿಂಗಳಿಗೆ ಸಾವಿರ ಕಿಲೋಮೀಟರ್, ಮೈಲೇಜ್ 12, ಲೀಟರಿಗೆ 90 ರೂಪಾಯಿ ಅಂದರೆ 7,500. ಇದು ನಿಜಕ್ಕೂ ಸಣ್ಣ ಖರ್ಚು. ಶೋರೂಮಿನಲ್ಲಿ ಎಲ್ಲರೂ ಮೈಲೇಜ್ ಬಗ್ಗೆಯೇ ಜಗಳ ಆಡುತ್ತಾರೆ, ಕಂತಿನ ಬಗ್ಗೆ ಸುಮ್ನೆ ತಲೆ ಆಡಿಸುತ್ತಾರೆ. ಇನ್ಶೂರೆನ್ಸ್, ಸರ್ವಿಸ್, ಟೈರು ಮೂರಕ್ಕೂ ಸೇರಿ ತಿಂಗಳಿಗೆ ಹತ್ತು, ಹನ್ನೆರಡು ಸಾವಿರ ಬೇರೆ ಎತ್ತಿಡಿ. ಹದಿನೆಂಟು ಇಂಚಿನ ಟೈರು ಒಂದಕ್ಕೆ ಹದಿನೈದು ಸಾವಿರದ ಆಸುಪಾಸು. ನಾಲ್ಕೂ ಒಟ್ಟಿಗೆ ಬದಲಿಸುವ ದಿನ ಬಂದೇ ಬರುತ್ತದೆ.

ಮಂಡ್ಯದ ಕಬ್ಬು ಬೆಳೆಗಾರರಿಗೆ ಒಂದು ಮಾತು. ಕಬ್ಬು ಕೊಟ್ಟ 14 ದಿನದಲ್ಲಿ ಕಾರ್ಖಾನೆ ದುಡ್ಡು ಕೊಡಬೇಕು ಅಂತ ಕಾನೂನಿದೆ. ಅದು ಹೇಗೆ ನಡೆಯುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ವರ್ಷಕ್ಕೊಮ್ಮೆ ಬರುವ ದುಡ್ಡಿಗೆ ತಿಂಗಳ ಕಂತು ಕಟ್ಟಿಕೊಂಡರೆ ಬೇಸಿಗೆಯಲ್ಲಿ ಕೈಸಾಲ ಶುರುವಾಗುತ್ತದೆ. ರೈತರಿಗೆ ಆರು ತಿಂಗಳಿಗೊಂದು ಕಂತು ಇಡುವ ಸಾಲ ಕೆಲವು ಕಡೆ ಸಿಗುತ್ತದೆ. ಪಹಣಿ ತಗೊಂಡು ಹೋಗಿ ಮೊದಲೇ ಕೇಳಿ. ಇಲ್ಲವಾದರೆ ಒಂದು ವರ್ಷದ ಕಂತನ್ನು ಬೇರೆ ಖಾತೆಯಲ್ಲಿ ಇಟ್ಟುಕೊಂಡೇ ಗಾಡಿ ಬುಕ್ ಮಾಡಿ.

ಓಡಿಸಿ ನೋಡೋದು ಎಲ್ಲಿ?

ಶೋರೂಮಿನವರು ರಿಂಗ್ ರೋಡಿನಲ್ಲಿ ಒಂದು ಸುತ್ತು ಹಾಕಿಸಿ ಕರೆತರುತ್ತಾರೆ. ಅಂಥ ಒಳ್ಳೆಯ ರಸ್ತೆಯಲ್ಲಿ ಯಾವ ಗಾಡಿ ತಾನೇ ಚೆನ್ನಾಗಿರೋದಿಲ್ಲ? ಮನೆಯವರನ್ನೆಲ್ಲ ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೋಗಿ. ಹತ್ತುವಾಗ ಎಳೆತ ಗೊತ್ತಾಗುತ್ತದೆ. ಇಳಿಯುವಾಗ ತಿರುವಿನಲ್ಲಿ ಗಾಡಿ ಎಷ್ಟು ವಾಲುತ್ತದೆ, ಹಿಂದೆ ಕೂತವರಿಗೆ ತಲೆ ಸುತ್ತುತ್ತದೆಯೇ ಅನ್ನೋದೂ ಗೊತ್ತಾಗುತ್ತದೆ. ಆಮೇಲೆ ಯಾವುದಾದರೂ ಹಳ್ಳಿ ರಸ್ತೆಗೆ ತಿರುಗಿಸಿ. ನಮ್ಮ ಕಡೆ ಊರಿಗೊಂದು ಹಂಪು ಅಲ್ಲ, ಮನೆಗೊಂದು ಹಂಪು. ಫಾರ್ಚುನರ್ ಲಾರಿಗಳ ಹಾಗೆ ಚಾಸಿಯ ಮೇಲೆ ಬಾಡಿ ಕೂರಿಸಿದ ಗಾಡಿ. ಗಟ್ಟಿ, ಆದರೆ ಹಿಂದೆ ಕುಣಿಸುತ್ತದೆ. ಸಫಾರಿ, ಎಕ್ಸ್‌ಯುವಿ 700 ಚಾಸಿ ಬಾಡಿ ಒಂದೇ ಆಗಿ ಕಟ್ಟಿದವು, ಕುಲುಕಾಟ ಕಡಿಮೆ. ನೀವು ಓಡಿಸೋದು ಸಾಲದು, ಅರ್ಧ ದಾರಿ ಮೂರನೇ ಸಾಲಿನಲ್ಲಿ ಕೂತು ಬನ್ನಿ. ಏಪ್ರಿಲ್ ಬಿಸಿಲಿನಲ್ಲಿ ಅಲ್ಲಿಗೆ ಏಸಿ ಗಾಳಿ ತಲುಪುತ್ತದೆಯೇ ನೋಡಿ.

ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರಕ್ಕೆ ಇಂಜಿನ್ ಬಲ ಹೋಗುವ ಗಾಡಿ ಬೇಕೇ ಅಂತ ತುಂಬಾ ಜನ ಕೇಳುತ್ತಾರೆ. ಕೊಡಗಿನಲ್ಲಿ ತೋಟ ಇದ್ದರೆ, ಮಳೆಗಾಲದಲ್ಲಿ ಜಮೀನಿನವರೆಗೂ ಗಾಡಿ ಹೋಗಲೇಬೇಕಾದರೆ ತಗೊಳ್ಳಿ. ಇಲ್ಲದಿದ್ದರೆ ಆ ದುಡ್ಡು ಉಳಿಸಿ.

ಸುರಕ್ಷತೆ ವಿಷಯದಲ್ಲಿ ಈ ಗಾಡಿಗಳಿಗೆ ಪೂರ್ತಿ ಅಂಕ ಕೊಡಬಹುದು. ಎಕ್ಸ್‌ಯುವಿ 700ಕ್ಕೆ ಗಾಡಿ ಗುದ್ದಿಸಿ ಸ್ಟಾರ್ ಕೊಡುವ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ, ಸಫಾರಿಗೆ ಅಂಥದ್ದೇ ನಮ್ಮ ದೇಶದ ಪರೀಕ್ಷೆಯಾದ ಭಾರತ್ ಎನ್‌ಕ್ಯಾಪ್‌ನಲ್ಲಿ ಐದು ಸ್ಟಾರ್ ಬಂದಿದೆ. ಕುಟುಂಬ ಕರೆದುಕೊಂಡು ರಾತ್ರಿ ಹೊತ್ತು ಹೈವೇ ಓಡಿಸುವವರಿಗೆ ಇದು ದೊಡ್ಡ ಸಮಾಧಾನ. ಆದರೆ ಮೂರನೇ ಸಾಲಿನವರೂ ಬೆಲ್ಟ್ ಹಾಕಬೇಕು, ಅದನ್ನು ಯಾರೂ ಹಾಕೋದಿಲ್ಲ.

ನಮ್ಮ ರಸ್ತೆಗಳಲ್ಲಿ

ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ದೊಡ್ಡ ಗಾಡಿಯ ಸುಖ ಗೊತ್ತಾಗೋದು ಅಲ್ಲೇ. ಅದರ ಅಪಾಯವೂ ಅಲ್ಲೇ. ಒಳಗೆ ಕೂತವರಿಗೆ 100ಕ್ಕೂ 130ಕ್ಕೂ ವ್ಯತ್ಯಾಸ ಗೊತ್ತಾಗೋದಿಲ್ಲ, ಕ್ಯಾಮೆರಾಗೆ ಗೊತ್ತಾಗುತ್ತದೆ. ಮಿತಿ 100. ಗಾಡಿಯಲ್ಲಿ ಸ್ಪೀಡ್ ಅಲರ್ಟ್ ಇರುತ್ತದೆ, ಅದನ್ನು 95ಕ್ಕೆ ಇಟ್ಟುಬಿಡಿ. ಟೋಲ್ ವಿಷಯದಲ್ಲಿ ದೊಡ್ಡ ಗಾಡಿ ಅಂತ ಜಾಸ್ತಿ ಇಲ್ಲ, ಎಲ್ಲ ಕಾರಿಗೂ ಒಂದೇ ದರ. 2025ರ ಆಗಸ್ಟ್ 15ರಿಂದ ಖಾಸಗಿ ಕಾರುಗಳಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂದಿದೆ. ಶುರುವಾದಾಗ 3,000 ರೂಪಾಯಿಗೆ 200 ಸಲ ಅಥವಾ ಒಂದು ವರ್ಷ. ಗಣಂಗೂರು ಟೋಲ್ ದಾಟಿ ಮಂಡ್ಯ–ಮೈಸೂರು ಓಡಾಡುವವರು ಮೊದಲು ಇದನ್ನು ಮಾಡಿಸಿಕೊಳ್ಳಿ.

ಹೆದ್ದಾರಿ ಬಿಟ್ಟು ಕೆಳಗಿಳಿದರೆ ಬೇರೆ ಲೋಕ. ಕಬ್ಬು ಕಡಿಯುವ ಕಾಲದಲ್ಲಿ ಹಿಂದೆ ದೀಪ ಇಲ್ಲದ ಟ್ರ್ಯಾಕ್ಟರ್‌ಗಳು ಕತ್ತಲಲ್ಲಿ ನಿಂತಿರುತ್ತವೆ. ಗಾಡಿಯ ತಾನೇ ಬ್ರೇಕ್ ಹಾಕುವ ವ್ಯವಸ್ಥೆಯನ್ನು ನಂಬಿಕೊಂಡು ಕಣ್ಣು ತಪ್ಪಿಸಬೇಡಿ. ವಿ.ಸಿ. ನಾಲೆಯ ಪಕ್ಕದ ರಸ್ತೆಗಳಲ್ಲಿ ತಡೆಗೋಡೆ ಇಲ್ಲದ ಜಾಗ ಇದ್ದೇ ಇವೆ. ಎದುರಿನಿಂದ ಬಸ್ಸು ಬಂದಾಗ ಅಗಲದ ಗಾಡಿಯನ್ನು ನಾಲೆ ಕಡೆ ಇಳಿಸೋದಕ್ಕಿಂತ ಹಿಂದಕ್ಕೆ ತಗೊಳ್ಳೋದೇ ವಾಸಿ.

ಸುಗ್ಗಿಯಲ್ಲಿ ಇನ್ನೊಂದು ಅಪಾಯ. ಹುರುಳಿ, ರಾಗಿ ಒಕ್ಕೋಕೆ ರಸ್ತೆ ಮೇಲೆ ಹರಡಿರುತ್ತಾರೆ. ಎತ್ತರದ ಗಾಡಿ, ಏನೂ ಆಗೋದಿಲ್ಲ ಅಂತ ಅದರ ಮೇಲೆ ಹತ್ತಿಸುತ್ತೇವೆ. ಒಣಗಿದ ಸೊಪ್ಪು ಕೆಳಗಡೆ ಆಕ್ಸಲ್‌ಗೆ ಸುತ್ತಿಕೊಂಡು ಬಿಸಿಯಾದ ಹೊಗೆ ಕೊಳವೆಗೆ ತಾಗಿದರೆ ಬೆಂಕಿಯೇ. ಡಿಪಿಎಫ್ ಮಸಿ ಸುಡುತ್ತಿರುವ ಹೊತ್ತಾದರೆ ಕೇಳೋದೇ ಬೇಡ. ಸಾಧ್ಯವಾದರೆ ಪಕ್ಕದಿಂದ ಹೋಗಿ. ದಾಟಲೇಬೇಕಾಗಿ ಬಂದರೆ ಸ್ವಲ್ಪ ಮುಂದೆ ನಿಲ್ಲಿಸಿ, ಬಗ್ಗಿ ನೋಡಿ, ಸಿಕ್ಕಿದ್ದನ್ನು ಕೋಲಿನಿಂದ ಎಳೆದುಹಾಕಿ. ಗಾಡಿಯಲ್ಲಿ ಒಂದು ಚಿಕ್ಕ ಅಗ್ನಿಶಾಮಕ ಸಿಲಿಂಡರ್ ಇಡಿ.

ಊಟಿ, ವಯನಾಡು ಕಡೆ ಹೋಗುವವರು ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ರಸ್ತೆ ಬಂದ್ ಅನ್ನೋದನ್ನು ಮರೆಯಬೇಡಿ. ಊಟಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಕೂಡ ಬೇಕು.

ಯಾರೂ ಹೇಳದ ಒಂದು ತೊಂದರೆ: ನೆಂಟರು. ದೊಡ್ಡ ಗಾಡಿ ಬಂತು ಅಂದರೆ ಬೀಗರ ಊಟಕ್ಕೆ, ಗೃಹಪ್ರವೇಶಕ್ಕೆ, ಏರ್‌ಪೋರ್ಟಿಗೆ ಎಲ್ಲದಕ್ಕೂ ನಿಮಗೇ ಫೋನು. 'ಗಾಡಿ ಹೆಂಗಿದ್ರೂ ಐತಲ್ಲಣ್ಣ' ಅಂತ ಕೇಳಿದರೆ ಇಲ್ಲ ಅನ್ನೋಕೆ ಆಗೋದಿಲ್ಲ. ಕೊಡುವುದಾದರೆ ಪ್ರೀತಿಯಿಂದ ಕೊಡಿ, ಬಾಡಿಗೆ ಅಂತ ದುಡ್ಡು ಮಾತ್ರ ಇಸಿದುಕೊಳ್ಳಬೇಡಿ. ಬಿಳಿ ಬೋರ್ಡ್ ಗಾಡಿ ಬಾಡಿಗೆಗೆ ಹೋಗಿದ್ದಾಗ ಅಪಘಾತವಾದರೆ ಇನ್ಶೂರೆನ್ಸ್‌ನವರು ಕ್ಲೇಮ್ ತಳ್ಳಿಹಾಕಬಹುದು.

ಹಾಗಾದರೆ ಯಾರು ಕೊಳ್ಳಬೇಕು?

ಅಪ್ಪ, ಅಮ್ಮ, ಮಕ್ಕಳು ಸೇರಿ ಆರು, ಏಳು ಜನ ಒಟ್ಟಿಗೆ ಇರುವ ಮನೆ. ತಿಂಗಳಿಗೆ ಹಲವು ಸಲ ಊರು, ಆಸ್ಪತ್ರೆ, ದೇವಸ್ಥಾನ ಅಂತ ದೂರದ ಓಡಾಟ. ಕಂತು ಕಟ್ಟಿದ ಮೇಲೂ ಉಳಿಯುವ ಆದಾಯ. ಇವರು ಧೈರ್ಯವಾಗಿ ಕೊಳ್ಳಲಿ. ಬರೀ ಗಂಡ, ಹೆಂಡತಿ, ಇಬ್ಬರು ಮಕ್ಕಳು, ಓಡಾಟವೆಲ್ಲ ಊರೊಳಗೆ ಅನ್ನುವವರಿಗೆ ಕ್ರೆಟಾ, ಹೈರೈಡರ್ ಅಳತೆಯ ಗಾಡಿ ಸಾಕು. ದೊಡ್ಡ ಪ್ರವಾಸಕ್ಕೆ ಹಳದಿ ಬೋರ್ಡಿನ ಇನ್ನೋವಾ ಕರೆಸಿ. ವರ್ಷಕ್ಕೆ ಹತ್ತು ಸಲ, ಪ್ರತಿ ಸಲ 400 ಕಿಲೋಮೀಟರ್, ಕಿಲೋಮೀಟರಿಗೆ 20 ರೂಪಾಯಿ ಅಂತ ಹಿಡಿದರೂ 80 ಸಾವಿರ. ಡ್ರೈವರ್ ಬಾಟಾ ಸೇರಿಸಿದರೂ ಎರಡು, ಮೂರು ತಿಂಗಳ ಕಂತಿನೊಳಗೆ ವರ್ಷದ ಪ್ರವಾಸವೆಲ್ಲ ಮುಗಿಯುತ್ತದೆ. ಓಡಿಸುವ ಕಷ್ಟವೂ ನಿಮಗಿಲ್ಲ.

ನಡುವೆ ಇನ್ನೊಂದು ದಾರಿ ಇದೆ: ಮೂರು ವರ್ಷದ ಹಳೇ ಗಾಡಿ. ನಮ್ಮ ರಾಜ್ಯದಲ್ಲಿ ಇದು ಲಾಭ. ಕೆಎ ನಂಬರಿನ ಗಾಡಿಗೆ ಲೈಫ್ ಟ್ಯಾಕ್ಸ್ ಮೊದಲ ಮಾಲೀಕರೇ ಕಟ್ಟಿರುತ್ತಾರೆ, ನೀವು ಮತ್ತೆ ಕಟ್ಟಬೇಕಾಗಿಲ್ಲ. ಆರ್‌ಸಿಯಲ್ಲಿ ಸಾಲದ ನಮೂದು ತೆಗೆಸಿದ್ದಾರೆಯೇ, ಬಾಕಿ ದಂಡ ಇದೆಯೇ, ಸರ್ವಿಸ್ ದಾಖಲೆ ಪೂರ್ತಿ ಇದೆಯೇ ನೋಡಿ. ಡೀಸೆಲ್ ಆದರೆ ಡಿಪಿಎಫ್ ಸ್ಥಿತಿಯನ್ನು ಸ್ಕ್ಯಾನರ್ ಹಾಕಿಸಿ ನೋಡಿಸಿ. ಮಂಡ್ಯದವರು ಆ ಬ್ರ್ಯಾಂಡಿನ ಸರ್ವಿಸ್ ಸೆಂಟರ್ ತಮ್ಮ ಊರಲ್ಲೇ ಇದೆಯೋ ಅಥವಾ ಪ್ರತಿ ಸಲ ಮೈಸೂರಿಗೆ ಬರಬೇಕೋ ಅಂತ ಮೊದಲೇ ವಿಚಾರಿಸಿ.

ಹೊಸದೇ ಬೇಕು ಅನ್ನುವವರು ಆಷಾಢದಲ್ಲಿ ಮಾತುಕತೆಗೆ ಕೂರಿ. ಆ ತಿಂಗಳು ಯಾರೂ ಗಾಡಿ ತಗೊಳ್ಳೋದಿಲ್ಲ, ಶೋರೂಮಿನವರಿಗೂ ಗಿರಾಕಿ ಬೇಕಾಗಿರುತ್ತದೆ. ಆಯುಧ ಪೂಜೆ ಹೊತ್ತಿಗೆ ಹೋದರೆ ಹೇಳಿದ ಬೆಲೆಗೆ ಸಾಲಲ್ಲಿ ನಿಲ್ಲಬೇಕು. ಬೆಲೆಯನ್ನು, ಕೊಡುವ ಆಕ್ಸೆಸರಿಗಳನ್ನು ಆಷಾಢದಲ್ಲೇ ಬರಹದಲ್ಲಿ ತಗೊಳ್ಳಿ, ಡೆಲಿವರಿ ಶ್ರಾವಣಕ್ಕೆ ಇಟ್ಟುಕೊಳ್ಳಿ. ಆರ್‌ಟಿಒಗೆ ರಿಜಿಸ್ಟ್ರೇಷನ್ನಿಗೆ ಕಳಿಸುವ ಮೊದಲು ಯಾರ್ಡಿಗೆ ಹೋಗಿ ಗಾಡಿಯನ್ನು ಹಗಲು ಬೆಳಕಿನಲ್ಲಿ ಸುತ್ತ ನೋಡಿ. ತಯಾರಾದ ತಿಂಗಳು, ಟೈರಿನ ಮೇಲಿನ ವಾರ ಮತ್ತು ವರ್ಷದ ಅಂಕಿ, ಓಡಿದ ಕಿಲೋಮೀಟರ್, ಬಾಗಿಲ ಅಂಚಿನ ಪೇಂಟು, ಸ್ಟೆಪ್ನಿ, ಜಾಕ್ ಎಲ್ಲವನ್ನೂ ನೋಡಿದ ಮೇಲೆ ಚಾಸಿ ನಂಬರಿನ ಫೋಟೋ ತೆಗೆದುಕೊಳ್ಳಿ. ಉಳಿದ ದುಡ್ಡು ಆಮೇಲೆ ಹಾಕಿ.